ಮಗಳಿಗೆ ‘ವಿಜ್ಜಿಕಾ’ ಅಂತ ಹೆಸರಿಡಬಹುದೇ?

ಪ್ರಶ್ನೆ: ನಾವು ಬಾಗಲಕೋಟೆ ನವನಗರದವರು. ಹೋದ ತಿಂಗಳು ನಮಗೆ ಹೆಣ್ಣು ಮಗು ಹುಟ್ಟಿದೆ. ರೋಹಿಣಿ ನಕ್ಷತ್ರ, ‘ವಿ’ ಅಕ್ಷರ ಬಂದಿದೆ. ನನ್ನ ಗಂಡನ ಮುತ್ಯಾ ಶಾಲೆಯಲ್ಲಿ ಮಾಸ್ತರರಾಗಿದ್ದವರು. ‘ವಿಜ್ಜಿಕಾ ಅಂತ ಇಡ್ರಿ, ಬಾದಾಮಿ ರಾಣಿ ಹೆಸರು ಅದು, ದೊಡ್ಡ ಕವಿ ಆಕಿ’ ಅಂತ ಹೇಳಿದ್ದಾರೆ. ಕೇಳಿದ ಕೂಡಲೇ ನನಗೆ ಹಿಡಿಸಿತು. ಆದರೆ ಅತ್ತೆಯವರು ‘ಬಿಜ್ಜಳನ ಹೆಸರು ಇದ್ದಂಗ ಐತಿ, ಬ್ಯಾಡ’ ಅನ್ನುತ್ತಾರೆ. ನಾದಿನಿ ‘ವಿಜಯಾ ಅನ್ನೋದನ್ನ ಯಾರೋ ತಪ್ಪು ಬರೆದಿರಬೇಕು’ ಅನ್ನುತ್ತಾಳೆ. ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅರ್ಥ ಬರುತ್ತದೆ. ಇದರ ನಿಜವಾದ ಅರ್ಥ ಏನು? ಅವಳು ಬಾದಾಮಿಯವಳೇ ಹೌದೇ? ಈ ಹೆಸರನ್ನು ಯಾರಾದರೂ ಇಡುತ್ತಾರಾ? ಇನ್ನೊಂದು ಮಾತು. ಮಗು ಸ್ವಲ್ಪ ಕಪ್ಪಗಿದೆ. ನೋಡಲು ಬಂದವರೆಲ್ಲ ಮೊದಲು ಅದನ್ನೇ ಹೇಳುತ್ತಾರೆ, ಬೇಜಾರಾಗುತ್ತದೆ. ತೊಟ್ಟಿಲ ಕಾರ್ಯ ಹತ್ತಿರ ಬಂದಿದೆ, ಬೇಗ ತಿಳಿಸಿ.

ಉತ್ತರ:

ಮೊದಲು ನಿಮ್ಮ ಮನೆಯ ಮುತ್ಯಾರಿಗೆ ನನ್ನ ನಮಸ್ಕಾರ ಹೇಳಿ. ಈ ಹೆಸರನ್ನು ನೆನಪಿಟ್ಟುಕೊಂಡು ಮರಿಮಗಳಿಗೆ ಇಡಿ ಅಂತ ಹೇಳುವವರು ನಮ್ಮ ಕಡೆ ಬಹಳ ಕಡಿಮೆ. ಹೆಸರು ಸರಿಯಾಗಿದೆ. ತಪ್ಪು ಬರಹ ಅಲ್ಲ, ಸುಮ್ನೆ ಹುಟ್ಟಿಸಿದ ಹೆಸರೂ ಅಲ್ಲ. ಸಾವಿರ ವರ್ಷಕ್ಕಿಂತ ಜಾಸ್ತಿ ಹಳೆಯದು. ಕರ್ನಾಟಕದ ಒಬ್ಬ ಕವಯಿತ್ರಿಯ ಹೆಸರು. ಧೈರ್ಯವಾಗಿ ಇಡಿ. ಆದರೆ ಯಾರ ಹೆಸರು ಇಡುತ್ತಿದ್ದೇವೆ ಅಂತ ಪೂರ್ತಿ ತಿಳಿದುಕೊಂಡು ಇಡಿ. ‘ಬಾದಾಮಿ ರಾಣಿ’ ಅನ್ನುವ ಮಾತಿನಲ್ಲಿ ಗಟ್ಟಿಯಾದದ್ದೂ ಇದೆ, ಊಹೆಯೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತೇನೆ.

ಅರ್ಥದಿಂದ ಶುರು ಮಾಡೋಣ. ಹಳೆಯ ಸಂಸ್ಕೃತ ಪದ್ಯಸಂಕಲನಗಳಲ್ಲಿ ಈ ಕವಯಿತ್ರಿಯ ಹೆಸರು ಒಂದೇ ರೀತಿ ಸಿಗುವುದಿಲ್ಲ. ಒಂದು ಕಡೆ ವಿಜ್ಜಿಕಾ, ಇನ್ನೊಂದು ಕಡೆ ವಿಜ್ಜಕಾ, ಮತ್ತೊಂದು ಕಡೆ ಬಿಜ್ಜಕಾ. ವಿದ್ಯಾ ಎಂಬ ಹೆಸರಿನಲ್ಲಿ ಸಿಗುವ ಪದ್ಯಗಳೂ ಅವಳವೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅಲ್ಲೇ ಅರ್ಥದ ಸುಳಿವು ಇದೆ. ಸಂಸ್ಕೃತದ ‘ವಿದ್ಯಾ’ ಪ್ರಾಕೃತಕ್ಕೆ, ಅಂದರೆ ಆ ಕಾಲದ ಜನರ ಆಡುಮಾತಿಗೆ ಹತ್ತಿರವಾದ ಭಾಷೆಗೆ, ಬಂದಾಗ ‘ವಿಜ್ಜಾ’ ಆಗುತ್ತದೆ. ‘ದ್ಯ’ ಇದ್ದ ಕಡೆ ‘ಜ್ಜ’ ಬರುವುದು ಆ ಭಾಷೆಯ ನಿಯಮ. ನಮ್ಮ ಹಳಗನ್ನಡಕ್ಕೂ ಇದೇ ದಾರಿಯಲ್ಲಿ ಎಷ್ಟೋ ಪದಗಳು ಬಂದಿವೆ. ಉದ್ಯೋಗ ಹೋಗಿ ‘ಉಜ್ಜುಗ’ ಆಯಿತು. ವೈದ್ಯ ಹೋಗಿ ‘ಬೆಜ್ಜ’ ಆದ. ವಿದ್ಯೆ ‘ಬಿಜ್ಜೆ’ ಆಯಿತು. ಶಾಲೆಯಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದ್ದರೆ ಈ ಜೋಡಿ ನಿಮಗೆ ನೆನಪಿರಬಹುದು.

ಕೊನೆಯ ‘ಇಕಾ’ ಅನ್ನುವುದು ಪ್ರೀತಿಗೆ, ಚಿಕ್ಕದು ಅನ್ನುವುದಕ್ಕೆ ಸೇರುವ ತುದಿ. ಅಂಬಾ ಇದ್ದವಳು ಅಂಬಿಕಾ ಆದ ಹಾಗೆ ವಿಜ್ಜಾ ಇದ್ದವಳು ವಿಜ್ಜಿಕಾ ಆದಳು. ಕನ್ನಡ ರೂಪ ಬೇಕು ಅಂದರೆ ವಿಜ್ಜಿಕೆ. ನೀಲಾಂಬಿಕೆ, ಗಂಗಾಂಬಿಕೆ ಎಂಬ ಹೆಸರುಗಳನ್ನು ಶರಣರ ಕಥೆಗಳಲ್ಲಿ ಕೇಳಿದ ಕಿವಿಗೆ ಇದೇನೂ ಹೊಸದು ಅನ್ನಿಸುವುದಿಲ್ಲ.

ಹಾಗಾದರೆ ನಿಮ್ಮ ನಾದಿನಿ ಹೇಳಿದ ‘ವಿಜಯಾ’ ಎಲ್ಲಿಂದ ಬಂತು? ಅವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲೂ ಹುರುಳಿದೆ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಕನೌಜಿನ ಪ್ರತಿಹಾರ ಅರಸರ ಆಸ್ಥಾನದಲ್ಲಿ ರಾಜಶೇಖರ ಎಂಬ ದೊಡ್ಡ ಕವಿ ಇದ್ದ. ಅವನದೆಂದು ಹೇಳುವ ಒಂದು ಶ್ಲೋಕ ಹೀಗೆ ಶುರುವಾಗುತ್ತದೆ: ‘ಸರಸ್ವತೀವ ಕಾರ್ಣಾಟೀ ವಿಜಯಾಂಕಾ ಜಯತ್ಯಸೌ’. ಕರ್ನಾಟಕದ ವಿಜಯಾಂಕೆ ಸಾಕ್ಷಾತ್ ಸರಸ್ವತಿಯೇ, ವೈದರ್ಭಿ ಶೈಲಿಯ ಮಾತು ಕಾಳಿದಾಸನ ನಂತರ ನೆಲೆಸಿದ್ದು ಇವಳಲ್ಲಿ ಅಂತ ಅದರ ಅರ್ಥ. ವೈದರ್ಭಿ ಅಂದರೆ ತಿಳಿಯಾದ, ಸಿಹಿಯಾದ, ಭಾರವಿಲ್ಲದ ಬರವಣಿಗೆ. ಉತ್ತರ ಹಿಂದೂಸ್ತಾನದ ಒಬ್ಬ ಕವಿ ನಮ್ಮ ನೆಲದ ಹೆಣ್ಣುಮಗಳನ್ನು ಕಾಳಿದಾಸನ ಪಕ್ಕಕ್ಕೆ ಕೂರಿಸಿದ್ದಾನೆ. ಈ ಶ್ಲೋಕವನ್ನು ನಮಗೆ ಉಳಿಸಿಕೊಟ್ಟದ್ದು 1258ರಲ್ಲಿ ಸೇವುಣ ಅರಸರ ಕಾಲದಲ್ಲಿ ಜಲ್ಹಣನ ಹೆಸರಿನಲ್ಲಿ ಸಿದ್ಧವಾದ ಸೂಕ್ತಿಮುಕ್ತಾವಳಿ ಎಂಬ ಪದ್ಯಸಂಕಲನ.

ಈ ವಿಜಯಾಂಕೆಯೂ ವಿಜ್ಜಿಕೆಯೂ ಒಬ್ಬಳೇ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ವಿಜಯಾ ಎಂಬ ದೊಡ್ಡ ಹೆಸರಿಗೆ ವಿಜ್ಜಿಕಾ ಎಂಬುದು ಮನೆಯಲ್ಲಿ ಕರೆಯುವ ಹೆಸರು ಆಗಿರಬಹುದು. ನಮ್ಮ ಕಡೆ ಈಗಲೂ ವಿಜಯಲಕ್ಷ್ಮಿಯನ್ನು ಮನೆಯಲ್ಲಿ ವಿಜ್ಜಿ ಅಂತಲೇ ಕರೆಯುತ್ತಾರೆ, ಅಲ್ವಾ? ಬಸವರಾಜ ಬಸ್ಯಾ ಆಗುತ್ತಾನೆ, ಸಂಗಮೇಶ ಸಂಗ್ಯಾ ಆಗುತ್ತಾನೆ. ಬಾಯಿ ಹೆಸರನ್ನು ಗಿಡ್ಡ ಮಾಡುತ್ತದೆ, ನಡುವಿನ ಅಕ್ಷರವನ್ನು ಒತ್ತಿ ಹೇಳುತ್ತದೆ.

ಎರಡರಲ್ಲಿ ಯಾವುದನ್ನು ಒಪ್ಪಬೇಕು ಅಂತ ಕೇಳಿದರೆ ನಾನು ‘ವಿದ್ಯೆ’ಯ ಕಡೆ. ಶಬ್ದದ ಬದಲಾವಣೆ ಅಲ್ಲಿ ನೇರವಾಗಿ, ನಿಯಮದ ಪ್ರಕಾರ ಆಗಿದೆ. ವಿಜಯದಿಂದ ಬಂತು ಅನ್ನಲು ಮನೆಮಾತಿನ ಸಲಿಗೆಯನ್ನು ನಂಬಬೇಕಾಗುತ್ತದೆ. ಅದು ಆಗದ ಮಾತಲ್ಲ, ಆದರೆ ಎರಡನೆಯ ಸ್ಥಾನದ್ದು. ಆದ್ದರಿಂದ ಯಾರಾದರೂ ಅರ್ಥ ಕೇಳಿದರೆ ‘ವಿದ್ಯೆಯ ಮಗಳು, ಕಲಿತವಳು’ ಅಂತ ಮೊದಲು ಹೇಳಿ. ವಿಜಯ ಅನ್ನುವುದನ್ನು ಜೊತೆಗೆ ಸೇರಿಸಿದರೆ ತಪ್ಪಿಲ್ಲ. ಮೊಬೈಲಿನಲ್ಲಿ ಸಿಗುವ ಪಟ್ಟಿಗಳಲ್ಲಿ ಹೂವು, ಚಂದ್ರ, ದೇವತೆ ಅಂತ ಏನೇನೋ ಬರೆದಿದ್ದರೆ ಬಿಟ್ಟುಬಿಡಿ. ಈ ಹೆಸರಿಗೆ ಅವುಗಳ ಸಂಬಂಧ ಇಲ್ಲ.

ಈಗ ಬಾದಾಮಿಯ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿ 610ರಿಂದ 642ರವರೆಗೆ ಬಾದಾಮಿಯಿಂದ ಆಳಿದ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು ಹಿಡಿದ. ರಾಜ್ಯ ಚೂರುಚೂರಾಯಿತು. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ 655ರ ಹೊತ್ತಿಗೆ ಅದನ್ನು ಮತ್ತೆ ಗೆದ್ದು ಕಟ್ಟಿದ. ಈ ವಿಕ್ರಮಾದಿತ್ಯನಿಗೆ ಚಂದ್ರಾದಿತ್ಯ ಎಂಬ ಅಣ್ಣ ಇದ್ದ. ಚಂದ್ರಾದಿತ್ಯನ ಹೆಂಡತಿ ವಿಜಯಭಟ್ಟಾರಿಕಾ. ‘ಭಟ್ಟಾರಿಕಾ’ ಅನ್ನುವುದು ಗೌರವದ ಬಿರುದು. ಅಂದರೆ ಆಕೆಯ ಹೆಸರು ವಿಜಯಾ. ಇಷ್ಟು ನಮಗೆ ಗೊತ್ತಾಗುವುದು ಎರಡು ತಾಮ್ರಪಟಗಳಿಂದ. ಒಂದು ಸಿಕ್ಕಿದ್ದು ನೇರೂರಿನಲ್ಲಿ, ಇನ್ನೊಂದು ಕೋಚರೆಯಲ್ಲಿ. ಎರಡೂ ಊರುಗಳು ಈಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿವೆ. ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ಸಾವಂತವಾಡಿಗೆ ಹೋದರೆ ಆ ಸೀಮೆ ಶುರು. ನೇರೂರಿನ ತಾಮ್ರಪಟ ಸುಮಾರು 659ರದು. ಎರಡರಲ್ಲೂ ದಾನ ಕೊಡುವವಳು ಈ ವಿಜಯಭಟ್ಟಾರಿಕೆಯೇ. ಆ ಕಾಲದಲ್ಲಿ ರಾಣಿಯೊಬ್ಬಳು ತನ್ನ ಹೆಸರಿನಲ್ಲೇ ದಾನಶಾಸನ ಹೊರಡಿಸುವುದು ಸಣ್ಣ ಮಾತಲ್ಲ. ಕೊಂಕಣದ ಕಡೆಯ ಆಡಳಿತ ಅವಳ ಕೈಯಲ್ಲಿತ್ತು ಅಂತ ಇದರಿಂದ ಇತಿಹಾಸಕಾರರು ತಿಳಿದುಕೊಳ್ಳುತ್ತಾರೆ.

ಇಷ್ಟು ಗಟ್ಟಿ. ಇನ್ನು ಊಹೆ. ರಾಜಶೇಖರ ಹೊಗಳಿದ ಕರ್ನಾಟಕದ ವಿಜಯಾಂಕೆಯೇ ಈ ರಾಣಿ ವಿಜಯಭಟ್ಟಾರಿಕೆ ಅಂತ ಹಲವರು ಹೇಳಿದ್ದಾರೆ. ಕಾರಣಗಳು ಸುಳ್ಳಲ್ಲ. ಹೆಸರು ಹೊಂದುತ್ತದೆ, ನಾಡು ಹೊಂದುತ್ತದೆ. ಚಾಲುಕ್ಯರ ಆಸ್ಥಾನದಲ್ಲಿ ಕಾಳಿದಾಸನ ಓದು ಚೆನ್ನಾಗಿಯೇ ಇತ್ತು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲಿನ 634ರ ಶಾಸನದಲ್ಲಿ ಕವಿ ರವಿಕೀರ್ತಿ, ಕಾಳಿದಾಸ-ಭಾರವಿಯರಿಗೆ ಸಿಕ್ಕ ಕೀರ್ತಿ ತನಗೂ ಸಿಕ್ಕಿದೆ ಅಂತ ಹೇಳಿಕೊಂಡಿದ್ದಾನೆ. ಅಂಥ ಅರಮನೆಗೆ ಸೊಸೆಯಾಗಿ ಬಂದವಳು ಕಾಳಿದಾಸನ ದಾರಿಯಲ್ಲಿ ಪದ್ಯ ಬರೆದಳು ಅನ್ನುವುದು ನಂಬುವ ಹಾಗೇ ಇದೆ. ಆದರೆ ತಾಮ್ರಪಟಗಳಲ್ಲಿ ಈ ರಾಣಿ ಕವಿ ಅಂತ ಎಲ್ಲೂ ಬರೆದಿಲ್ಲ. ಪದ್ಯಸಂಕಲನಗಳಲ್ಲಿ ಈ ಕವಿ ಚಂದ್ರಾದಿತ್ಯನ ರಾಣಿ ಅಂತಲೂ ಬರೆದಿಲ್ಲ. ಎರಡನ್ನೂ ಜೋಡಿಸಿದವರು ನಮ್ಮ ಕಾಲದ ವಿದ್ವಾಂಸರು.

ಕಾಲದ ತೊಡಕೂ ಒಂದಿದೆ. ಅದನ್ನು ಹೇಳಲು ಅವಳ ಅತ್ಯಂತ ಪ್ರಸಿದ್ಧ ಪದ್ಯದ ಹತ್ತಿರ ಬರಬೇಕು. ತಂಗಿ, ನಿಮ್ಮ ಪತ್ರದ ಕೊನೆಯ ಮಾತಿಗೂ ಉತ್ತರ ಅಲ್ಲೇ ಇದೆ.

ಕಂಚಿಯ ಪಲ್ಲವರ ಕಾಲದಲ್ಲಿ ದಂಡಿ ಎಂಬ ಮಹಾ ವಿದ್ವಾಂಸ ಇದ್ದ. ಕಾವ್ಯಾದರ್ಶ ಎಂಬ ಗ್ರಂಥ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗಕ್ಕೂ ಈ ಕಾವ್ಯಾದರ್ಶವೇ ಆಧಾರ. ಅಷ್ಟು ದೊಡ್ಡ ಪುಸ್ತಕ. ಅದರ ಮೊದಲ ಶ್ಲೋಕದಲ್ಲಿ ದಂಡಿ ಸರಸ್ವತಿಯನ್ನು ‘ಸರ್ವಶುಕ್ಲಾ’ ಅಂತ ಕರೆದ. ಅಂದರೆ ಮೈಯೆಲ್ಲ ಬೆಳ್ಳಗೆ ಇರುವವಳು. ಅದಕ್ಕೆ ವಿಜ್ಜಿಕೆ ಕೊಟ್ಟ ಉತ್ತರ ಇದು:

ನೀಲೋತ್ಪಲದಲಶ್ಯಾಮಾಂ ವಿಜ್ಜಿಕಾಂ ಮಾಮಜಾನತಾ
ವೃಥೈವ ದಂಡಿನಾ ಪ್ರೋಕ್ತಂ ಸರ್ವಶುಕ್ಲಾ ಸರಸ್ವತೀ

‘ಕನ್ನೈದಿಲೆಯ ಎಸಳಿನ ಹಾಗೆ ಕಪ್ಪಗಿರುವ ವಿಜ್ಜಿಕೆ ನಾನು. ನನ್ನನ್ನು ಅರಿಯದೆ ಆ ದಂಡಿ ಸರಸ್ವತಿ ಬರೀ ಬೆಳ್ಳಗೆ ಅಂತ ಸುಮ್ಮನೆ ಹೇಳಿಬಿಟ್ಟ.’

ಇನ್ನೊಮ್ಮೆ ಓದಿ ನೋಡಿ. ತಾನು ಕಪ್ಪು ಅಂತ ಅವಳು ಮುಚ್ಚಿಡಲಿಲ್ಲ. ಕಪ್ಪಾದರೂ ಗುಣವಂತೆ ಅಂತ ಸಮಾಧಾನವನ್ನೂ ಹೇಳಿಕೊಳ್ಳಲಿಲ್ಲ. ನಾನೇ ಸರಸ್ವತಿ, ನಾನು ಕಪ್ಪು, ಹಾಗಾಗಿ ಸರಸ್ವತಿ ಕಪ್ಪು, ದಂಡಿಯದೇ ತಪ್ಪು ಅಂದಳು. ದೇಶವೇ ತಲೆಬಾಗುತ್ತಿದ್ದ ಪಂಡಿತನ ಮೊದಲ ಶ್ಲೋಕವನ್ನೇ ಹಿಡಿದು ತಿದ್ದಿದಳು. ಹುಟ್ಟಿದ ಕೂಸಿನ ಮೈಬಣ್ಣ ನೋಡಿ ಮಾತಾಡುವ ನಮ್ಮ ಕೆಟ್ಟ ಅಭ್ಯಾಸ ನನಗೂ ಬಹಳ ನೋವು ಕೊಡುತ್ತದೆ. ಹಸಿ ಬಾಣಂತಿಯ ಎದುರಿಗೆ ನಿಂತು ‘ಮೈ ತಿಕ್ಕಿ ಎರಿ, ಬೆಳ್ಳಗ ಆಗ್ತಾಳ’ ಅನ್ನುವುದು ಎಷ್ಟು ಮನೆಗಳಲ್ಲಿ ನಡೆಯುತ್ತದೆ! ನಿಮ್ಮ ಮಗಳಿಗೆ ಈ ಹೆಸರಿಟ್ಟರೆ ಈ ಪದ್ಯವೂ ಅವಳದಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿಗೆ ಅವಳಿಗೆ ಇದನ್ನು ಬಾಯಿಪಾಠ ಮಾಡಿಸಿ. ಕನ್ನೈದಿಲೆ ಅಂದರೆ ನೀಲಿ ನೈದಿಲೆ ಹೂವು ಅಂತ ತೋರಿಸಿ. ಬಣ್ಣದ ಬಗ್ಗೆ ಯಾರು ಏನೇ ಅನ್ನಲಿ, ಉತ್ತರ ಅವಳ ಹೆಸರಿನಲ್ಲೇ ಇರುತ್ತದೆ. ಈ ಒಂದು ಕಾರಣಕ್ಕೇ ನಾನು ಈ ಹೆಸರಿನ ಪರ.

ಈಗ ತೊಡಕು. ದಂಡಿಯ ಕಾಲ ಸುಮಾರು 700 ಅಂತ ಹೇಳುತ್ತಾರೆ. ರಾಣಿಯ ತಾಮ್ರಪಟ 659ರದು. ಆಗಲೇ ದೊಡ್ಡವಳಾಗಿದ್ದ ರಾಣಿ ದಂಡಿಯ ಪುಸ್ತಕ ಓದಿ ಉತ್ತರ ಕೊಟ್ಟಳು ಅನ್ನಬೇಕಾದರೆ ಬಹಳ ವರ್ಷ ಬದುಕಿರಬೇಕು. ಆಗದು ಅಂತ ಅಲ್ಲ, ಆದರೆ ಲೆಕ್ಕ ಬಿಗಿಯಾಗುತ್ತದೆ. ಈ ಪದ್ಯ ನಮಗೆ ಸಿಗುವುದೂ 14ನೇ ಶತಮಾನದ ಶಾರ್ಙ್ಗಧರ ಪದ್ಧತಿಯಂಥ ಸಂಕಲನದಲ್ಲಿ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ವಿಜ್ಜಿಕಾ ಎಂಬ ಕವಯಿತ್ರಿ ಇದ್ದದ್ದು ನಿಜ. ಅವಳು ದಂಡಿಯ ನಂತರ ಬರೆದವಳು. ಅವಳೇ ರಾಜಶೇಖರನ ವಿಜಯಾಂಕೆಯಾದರೆ ಅವಳು ಕರ್ನಾಟಕದವಳು, 900ಕ್ಕಿಂತ ಮೊದಲೇ ಹೆಸರಾದವಳು. ಈ ಮಾತನ್ನು ನಾನು ಒಪ್ಪುತ್ತೇನೆ. ಬಾದಾಮಿಯ ರಾಣಿಯೂ ಅವಳೇ ಅನ್ನುವುದು ಒಳ್ಳೆಯ ಊಹೆ, ಸಾಬೀತಾದ ಮಾತಲ್ಲ. ಮಗಳಿಗೆ ಕಥೆ ಹೇಳುವಾಗ ‘ಬಾದಾಮಿ ರಾಣಿ ಅಂತ ಹೇಳ್ತಾರೆ’ ಅನ್ನಿ. ‘ಹೇಳ್ತಾರೆ’ ಅನ್ನುವ ಪದ ಬಿಡಬೇಡಿ. ಮುಂದೆ ಅವಳೇ ಓದಿ ಹುಡುಕಿಕೊಳ್ಳಲಿ.

ಪದ್ಯಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಹೆಸರಿನ ಬೆಲೆ ಗೊತ್ತಾಗುವುದು ಅಲ್ಲೇ. ಅವಳ ಹೆಸರಿನಲ್ಲಿ ಸಿಗುವ ಒಂದು ಪದ್ಯ ಭತ್ತ ಕುಟ್ಟುವ ಹೆಂಗಸರದು. ಒನಕೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ತೋಳು ಆಡಿದಾಗ ಬಳೆಗೆ ಬಳೆ ತಾಗಿ ಸದ್ದಾಗುತ್ತದೆ. ಪ್ರತಿ ಏಟಿಗೂ ಬಾಯಿಂದ ‘ಹುಂ’ ಅಂತ ಉಸಿರು ಹೊರಡುತ್ತದೆ. ಆ ಉಸಿರಿಗೆ ಎದೆ ನಡುಗಿ ಹಾಡಿನ ಗಮಕ ನಡುವೆ ತುಂಡಾಗುತ್ತದೆ. ಆ ತುಂಡು ತುಂಡು ಹಾಡೇ ಚಂದ ಅನ್ನುತ್ತಾಳೆ ಅವಳು. ನಮ್ಮ ಕಡೆಯ ಆಯಿಗಳು ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳನ್ನು ಕೇಳಿದವರಿಗೆ ಆ ನಡುವಿನ ಉಸಿರು ಗೊತ್ತು. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಬಾದಾಮಿಯ ಬಂಡೆಯ ಮೇಲೇ ಇವೆ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ ಅದು, ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಸಂಸ್ಕೃತದಲ್ಲಿ ಬರೆಯುವವಳ ಕಿವಿ ಅಂಗಳದ ಒನಕೆಯ ಕಡೆಗೂ ಇತ್ತು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಇನ್ನೊಂದು ಪದ್ಯ ಓದುಗನ ಮೇಲೆ. ಕವಿಯ ಮನಸ್ಸಿನಲ್ಲಿ ಇದ್ದದ್ದು ಪದಕ್ಕೆ ಪೂರ್ತಿ ಸಿಗುವುದಿಲ್ಲ, ಪದಗಳ ಒಳಗೆ ಸುಮ್ಮನೆ ಮಿಂಚುತ್ತಿರುತ್ತದೆ. ಅದನ್ನು ಕಂಡುಕೊಂಡು, ಮಾತೇ ಆಡದೆ, ಮೈ ಜುಮ್ಮೆಂದು ಕೂತವನಿಗೆ ನಾನು ಕೈ ಮುಗಿಯುತ್ತೇನೆ ಅಂತ ಅದರ ಭಾವ. ದಂಡಿಗೆ ಅಷ್ಟು ಖಡಕ್ಕಾಗಿ ಮಾತಾಡಿದವಳು ಒಳ್ಳೆಯ ಓದುಗನ ಮುಂದೆ ಕೈ ಮುಗಿದಳು.

ಖಡಕ್ ಮಾತಿನ ಇನ್ನೊಂದು ಶ್ಲೋಕವೂ ಇದೆ. ಅದರಲ್ಲಿ ಹೆಸರಿಲ್ಲ, ‘ಕರ್ಣಾಟರಾಜಪ್ರಿಯಾ’ ಅಂತ ಮಾತ್ರ ಇದೆ. ತಾವರೆಯಿಂದ ಹುಟ್ಟಿದ ಬ್ರಹ್ಮ, ನಡುಗಡ್ಡೆಯಲ್ಲಿ ಹುಟ್ಟಿದ ವ್ಯಾಸ, ಹುತ್ತದಿಂದ ಬಂದ ವಾಲ್ಮೀಕಿ, ಈ ಮೂವರು ಕವಿಗಳಿಗೆ ನಮಸ್ಕಾರ. ಇವರ ನಂತರದವರು ಯಾರಾದರೂ ದೊಡ್ಡಸ್ತಿಕೆ ತೋರಿಸಿದರೆ ಅವರ ತಲೆಯ ಮೇಲೆ ನನ್ನ ಎಡಗಾಲು ಇಡುತ್ತೇನೆ ಅನ್ನುತ್ತದೆ ಅದು. ವಿಜ್ಜಿಕೆಯದೇ ಅಂತ ಅನೇಕರು ನಂಬುತ್ತಾರೆ. ದನಿಯೇನೋ ಅವಳದೇ ಅನ್ನಿಸುತ್ತದೆ. ಗಟ್ಟಿ ಆಧಾರ ಇಲ್ಲದ್ದರಿಂದ ನಾನು ಇದನ್ನು ಪಕ್ಕಕ್ಕೆ ಇಡುತ್ತೇನೆ.

ಅತ್ತೆಯವರ ಆತಂಕದ ಬಗ್ಗೆ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಬಿಜ್ಜಳನ ಹೆಸರು ಕೇಳಿದರೆ ಹಿರಿಯರಿಗೆ ಮನಸ್ಸು ಕಹಿಯಾಗುವುದು ಸಹಜ. ಕಲ್ಯಾಣದಲ್ಲಿ ಏನಾಯಿತು ಅಂತ ಪುರಾಣ ಕೇಳುತ್ತ ಬೆಳೆದವರು ಅವರು. ಆದರೆ ಬಿಜ್ಜಳ 12ನೇ ಶತಮಾನದವನು. ವಿಜ್ಜಿಕೆ ಅವನಿಗಿಂತ ಕೆಲವು ನೂರು ವರ್ಷ ಮೊದಲಿನವಳು. ಅವನಿಂದ ಈ ಹೆಸರು ಬಂದಿಲ್ಲ. ಸದ್ದು ಹತ್ತಿರ ಇರುವುದಕ್ಕೆ ಕಾರಣ ಬೇರೆ. ಸಂಸ್ಕೃತದ ‘ವ’ ಕನ್ನಡದ ಬಾಯಲ್ಲಿ ‘ಬ’ ಆಗುತ್ತದೆ. ವಾತಾಪಿ ಬಾದಾಮಿ ಆಯಿತು. ವಿಜಯಪುರ ಬಿಜಾಪುರ ಆಗಿ, 2014ರಲ್ಲಿ ಸರ್ಕಾರ ಮತ್ತೆ ವಿಜಯಪುರ ಮಾಡಿತು. ವೃಷಭ ನಮ್ಮ ಬಸವ ಆಯಿತು! ಬಸವಣ್ಣನ ಹೆಸರಿನಲ್ಲಿರುವ ‘ಬ’ ಕೂಡ ಇದೇ ದಾರಿಯಿಂದ ಬಂದದ್ದು ಅಂತ ಅತ್ತೆಯವರಿಗೆ ಹೇಳಿ ನೋಡಿ. ಬಿಜ್ಜಲದೇವಿ ಎಂಬ ಹೆಸರಿನ ರಾಣಿಯರೂ ನಮ್ಮ ಹಳೆಯ ಶಾಸನಗಳಲ್ಲಿ ಇದ್ದಾರೆ. ಈ ಬಗೆಯ ಹೆಸರು ಹೆಣ್ಣುಮಕ್ಕಳಿಗೂ ಇತ್ತು ಅಂತ ಇದರಿಂದ ಗೊತ್ತಾಗುತ್ತದೆ. ಇಷ್ಟಾಗಿಯೂ ಅವರಿಗೆ ಒಪ್ಪಿಗೆ ಆಗದಿದ್ದರೆ ಒತ್ತಾಯ ಮಾಡಬೇಡಿ. ಮುತ್ಯಾರನ್ನೇ ಮಾತಾಡಲು ಬಿಡಿ.

ಇನ್ನು ಎಷ್ಟು ಮಂದಿ ಇಡುತ್ತಾರೆ ಅನ್ನುವುದು. ಬಹಳ ಬಹಳ ಕಡಿಮೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹೆಸರುಗಳನ್ನು ನಾನು ಕಿವಿಗೊಟ್ಟು ಕೇಳುತ್ತ ಬಂದವನು. ಶಾಲೆಯ ಹಾಜರಿಯಲ್ಲಾಗಲಿ, ಮದುವೆ ಪತ್ರಿಕೆಯಲ್ಲಾಗಲಿ ಈ ಹೆಸರು ನನಗೆ ಸಿಕ್ಕಿಲ್ಲ. ವಿದ್ಯಾ, ವಿಜಯಾ, ವಿಜಯಲಕ್ಷ್ಮಿ ಬೇಕಾದಷ್ಟು ಸಿಗುತ್ತಾರೆ. ಅದೇ ಬೇರಿನ ವಿಜ್ಜಿಕಾ ಸಿಗುವುದಿಲ್ಲ.

ಯಾಕೆ ಹೀಗಾಯಿತು ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ನಮ್ಮ ಕಡೆ ಹೆಸರು ಮುಂದೆ ಸಾಗುವುದು ದೇವರಿಂದ, ಮಠದಿಂದ, ಜಾತ್ರೆಯಿಂದ, ಸತ್ತ ಹಿರಿಯರಿಂದ. ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ, ಹಾಗಾಗಿ ಬನಶಂಕರಿ ಎಂಬ ಹೆಸರು ಪ್ರತಿ ಪೀಳಿಗೆಯಲ್ಲೂ ಹುಟ್ಟುತ್ತದೆ. ಸವದತ್ತಿಯ ಗುಡ್ಡದಿಂದ ಯಲ್ಲವ್ವ, ರೇಣುಕಾ ಬಂದರು. ಸಂಗಮನಾಥನಿಂದ ಸಂಗವ್ವ ಬಂದಳು. ವಿಜಯಪುರದ ಸಿದ್ಧೇಶ್ವರನಿಂದ ಸಿದ್ಧವ್ವ ಬಂದಳು. ಕಿತ್ತೂರಿನ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ ಲಾವಣಿಯಲ್ಲಿ, ಗೀಗೀ ಪದದಲ್ಲಿ ಉಳಿದರು. ವಿಜ್ಜಿಕೆಗೆ ಇದ್ಯಾವುದೂ ಸಿಗಲಿಲ್ಲ. ಗುಡಿ ಇಲ್ಲ, ಜಾತ್ರೆ ಇಲ್ಲ, ಅವಳ ಮೇಲೆ ಹಾಡು ಇಲ್ಲ. ಅವಳ ಪದ್ಯಗಳು ಸಂಸ್ಕೃತದವು. ಅವು ಉಳಿದದ್ದು ಬೇರೆಯವರು ಮಾಡಿದ ಸಂಕಲನಗಳಲ್ಲಿ. ಸುಮಾರು 1100ರ ಹೊತ್ತಿಗೆ ಬಂಗಾಳದ ಕಡೆ ವಿದ್ಯಾಕರ ಎಂಬ ಬೌದ್ಧ ವಿದ್ವಾಂಸ ಮಾಡಿದ ಸಂಕಲನದಲ್ಲೂ ವಿದ್ಯಾ ಹೆಸರಿನ ಪದ್ಯಗಳಿವೆ. ಅಷ್ಟು ದೂರ ಹೋದ ಪದ್ಯ ಬಾದಾಮಿ ಪೇಟೆಯ ತೊಟ್ಟಿಲಿಗೆ ಬರಲಿಲ್ಲ. ಹೆಸರು ಅಪರೂಪ ಆದದ್ದು ಅದರಲ್ಲಿ ದೋಷ ಇದ್ದುದಕ್ಕಲ್ಲ. ಅದನ್ನು ಕರೆಯುವವರು ಇರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯ ಶಾಸನಗಳಲ್ಲಿ ಇಂಥ ಹೆಸರುಗಳು ಇನ್ನೂ ಇವೆ. ಮಹಾಕೂಟದ ಕನ್ನಡ ಶಾಸನದಲ್ಲಿ ವಿನಾಪೋಟಿ ಬರುತ್ತಾಳೆ, ಅವಳ ತಾಯಿ, ಅಜ್ಜಿಯ ಹೆಸರೂ ಅಲ್ಲಿದೆ. 699ರಲ್ಲಿ ಬಾದಾಮಿಯ ಜಂಬುಲಿಂಗ ಗುಡಿ ಕಟ್ಟಿಸಿದವಳು ವಿನಯವತಿ. ನಿಮಗೆ ‘ವಿ’ ಅಕ್ಷರವೇ ಬೇಕು, ವಿಜ್ಜಿಕಾ ಬೇಡ ಅಂತ ಮನೆಯಲ್ಲಿ ತೀರ್ಮಾನ ಆದರೆ ಈ ವಿನಯವತಿಯನ್ನು ನೆನಪಿಡಿ. ರೋಹಿಣಿಯ ನಾಲ್ಕು ಪಾದಕ್ಕೆ ಓ, ವ, ವಿ, ವು ಅಕ್ಷರಗಳು. ‘ವಿ’ ಮೂರನೆಯ ಪಾದದ್ದು. ಅದಕ್ಕೂ ಇದು ಸರಿಹೊಂದುತ್ತದೆ. ಆದರೆ ನನ್ನ ಮನಸ್ಸು ವಿಜ್ಜಿಕೆಯ ಕಡೆಗೇ ಇದೆ ಅಂತ ನಿಮಗೆ ಈಗಾಗಲೇ ಗೊತ್ತಾಗಿದೆ.

ಕರೆಯುವುದಕ್ಕೆ ಕಷ್ಟ ಆಗುತ್ತಾ ಅಂತ ಚಿಂತೆ ಬೇಡ. ಮೂರೇ ಅಕ್ಷರ. ಮನೆಯಲ್ಲಿ ವಿಜ್ಜಿ ಆಗುತ್ತಾಳೆ. ಆಯಿ ವಿಜ್ಜವ್ವ ಅಂತಾರೆ, ದೊಡ್ಡವಳಾದ ಮೇಲೆ ಓಣಿಯವರು ವಿಜ್ಜಕ್ಕ ಅಂತಾರೆ. ಹಳೆಯ ಸಂಕಲನಗಳಲ್ಲೂ ‘ವಿಜ್ಜಕಾ’ ಅಂತ ಇದ್ದದ್ದು ನೆನಪಿದೆಯಲ್ಲ. ಶಾಲೆಯಲ್ಲಿ ಮೊದಮೊದಲು ‘ಏನು, ಏನು?’ ಅಂತ ಎರಡು ಸಲ ಕೇಳುತ್ತಾರೆ. ಅಪರೂಪದ ಹೆಸರಿನ ಎಲ್ಲ ಮಕ್ಕಳಿಗೂ ಅದು ಇದ್ದದ್ದೇ. ಹೇಳಲು ಒಂದು ಒಳ್ಳೆಯ ಕಥೆ ಇದ್ದರೆ ಮಗು ಅದನ್ನು ಖುಷಿಯಿಂದಲೇ ಹೇಳುತ್ತದೆ.

ಕೊನೆಗೆ ಕಾಗದದ ಕೆಲಸ. ನೀವು ಇದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪರೂಪದ ಹೆಸರು ಹಾಳಾಗುವುದು ಜಾಸ್ತಿ ಅಲ್ಲೇ. ಜನನ ನೋಂದಣಿಯಲ್ಲಿ ಮಗುವಿನ ಹೆಸರು ಇನ್ನೂ ಸೇರಿಸಿಲ್ಲದಿದ್ದರೆ ಗಾಬರಿ ಬೇಡ. ನೋಂದಣಿಯಾದ ದಿನದಿಂದ 12 ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಬಹಳ ಓಡಾಟದ ಕೆಲಸ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಪಾಸ್‌ಪೋರ್ಟ್ ಮಾಡಿಸಲು ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಹಾಗಾಗಿ ಅದರಲ್ಲಿ ಅಕ್ಷರ ಸರಿ ಇರಲಿ. ಕನ್ನಡದಲ್ಲಿ ‘ಜ’ಗೆ ‘ಜ’ ಒತ್ತು ಬರಬೇಕು: ವಿಜ್ಜಿಕಾ. ‘ವಿಜಿಕಾ’ ಆಗಬಾರದು, ‘ವಿಜ್ಞಿಕಾ’ ಅಂತೂ ಆಗಲೇಬಾರದು. ಇಂಗ್ಲಿಷಿನಲ್ಲಿ ವಿ, ಐ, ಜೆ, ಜೆ, ಐ, ಕೆ, ಎ. ಜೆ ಎರಡು ಸಲ. ಒಂದು ಚೀಟಿಯಲ್ಲಿ ಎರಡೂ ಲಿಪಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಅವರು ಟೈಪ್ ಮಾಡಿದ ಮೇಲೆ, ಪ್ರಿಂಟ್ ತೆಗೆಯುವ ಮೊದಲು, ಪರದೆಯ ಮೇಲೆ ನೀವೇ ಒಂದು ಸಲ ಓದಿ ನೋಡಿ. ಆಧಾರ್ ಮಾಡಿಸುವಾಗಲೂ ಅದೇ ಚೀಟಿ ಕೊಡಿ.